ಹಳೇ ಸೊಸೈಟಿ ಮನೆ, ಆಶ್ರಯ ಮನೆ ರಿಪೇರಿಗೆ ಸರ್ಕಾರದ ದುಡ್ಡು ಬರುತ್ತದಾ?

ಸೋರೋಮಾಳಿಗೆ, ಕಲಬುರಗಿ

ಎಲ್ಲರಿಗೂ ಶರಣು.

ನಮ್ಮದು ಗೃಹ ನಿರ್ಮಾಣ ಸಹಕಾರ ಸಂಘದ ಕಾಲೊನಿ. 1990ರ ದಶಕದ ಶುರುವಿನಲ್ಲಿ ಕಟ್ಟಿದ ಮನೆಗಳು, ನೂರರ ಹತ್ತಿರ ಇವೆ. ಸಂಘವೇ ಸಾಲ ತಂದು ಕಟ್ಟಿಸಿಕೊಟ್ಟಿತ್ತು. ಅಪ್ಪಾಜಿ ಸಂಬಳದಲ್ಲಿ ಕಂತು ಕಟ್ಟಿ ತೀರಿಸಿದರು. ಈಗ ಸ್ಲ್ಯಾಬಿನ ಅಡಿಯಿಂದ ಸಿಮೆಂಟ್ ಉದುರುತ್ತಿದೆ, ಒಳಗಿನ ಕಬ್ಬಿಣ ಕೆಂಪಗೆ ಕಾಣುತ್ತಿದೆ. ಮಳೆಗಾಲ ಬಂದರೆ ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ಕೂರಬೇಕು. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೂ ಛತ್ತು ಕಾದೇ ಇರುತ್ತದೆ. ಚರಂಡಿ ಹಳೇದು, ಬೋರ್‌ವೆಲ್ ಪಂಪಿನ ಬಿಲ್ಲು ಸಂಘದ ತಲೆಮೇಲೆ. ನಮ್ಮ ಹಿಂದಿನ ಸಾಲಿನಲ್ಲೇ ಬಡವರಿಗೆ ಸರ್ಕಾರ ಕೊಟ್ಟ ಆಶ್ರಯ ಮನೆಗಳಿವೆ, ಅವರದು ಇನ್ನೂ ಕಷ್ಟ.

ಒಂದು ಕಚೇರಿಯಲ್ಲಿ ವಿಚಾರಿಸಿದೆ. "ಹೊಸ ಮನೆಗಾದರೆ ಅರ್ಜಿ ಕೊಡಿ ಮೇಡಂ, ರಿಪೇರಿಗೆ ಹೆಡ್ಡೇ ಇಲ್ಲ" ಅಂದರು, ಅಂದರೆ ದುಡ್ಡು ಕೊಡುವ ಲೆಕ್ಕ ಶೀರ್ಷಿಕೆಯೇ ಇಲ್ಲವಂತೆ. ಇದು ನಿಜವಾ? ಇಷ್ಟು ಯೋಜನೆಗಳ ಹೆಸರು ಕೇಳುತ್ತೇವೆ, ಹಳೇ ಮನೆಗೆ ಒಂದೂ ಇಲ್ಲವಾ? ಗೊತ್ತಿದ್ದವರು ಹೇಳಿ. ಈ ವರ್ಷ ಸಂಘದ ಕೆಲಸ ನನ್ನ ಪಾಲಿಗೆ ಬಂದಿದೆ, ಜನ ನನ್ನನ್ನೇ ಕೇಳುತ್ತಾರೆ.


ಖಾತೆಪುಸ್ತಕ, ಕಲಬುರಗಿ

ತಂಗಿ, ಅವರು ಹೇಳಿದ್ದು ಕೇಳೋಕೆ ಕಹಿ, ಆದರೆ ಬಹುತೇಕ ನಿಜ. ನಾನು ಸಹಕಾರ ಇಲಾಖೆಯಲ್ಲಿ ಲೆಕ್ಕಪರಿಶೋಧನೆ ಮಾಡಿ ನಿವೃತ್ತನಾದವನು.

1991-92ರಲ್ಲಿ ಆಶ್ರಯ ಬಂತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಆಯಿತು. ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ. ನಗರಕ್ಕೆ 2001ರಲ್ಲಿ ವಾಲ್ಮೀಕಿ-ಅಂಬೇಡ್ಕರ್ ಯೋಜನೆ, 2005ರಲ್ಲಿ ನಗರ ನವೀಕರಣದ ನರ್ಮ್, 2015ರಲ್ಲಿ ಪ್ರಧಾನಮಂತ್ರಿ ಆವಾಸ್, 2024ರ ಸೆಪ್ಟೆಂಬರಿನಿಂದ ಅದರ ಎರಡನೇ ಸುತ್ತು. ಹೆಸರು ಬದಲಾಗುತ್ತದೆ, ಗುರಿ ಮಾತ್ರ ಅದೇ: ಇಷ್ಟು ಲಕ್ಷ ಹೊಸ ಮನೆ. ಬಜೆಟ್ ಭಾಷಣದಲ್ಲಿ ಓದೋಕೆ ಆ ಅಂಕಿ ಚೆನ್ನಾಗಿರುತ್ತದೆ. "ಇಷ್ಟು ಸಾವಿರ ಸೋರುವ ಸ್ಲ್ಯಾಬ್ ಸರಿಮಾಡಿದೆವು" ಅಂತ ಯಾವ ಮಂತ್ರಿ ಓದುತ್ತಾರೆ ಹೇಳು.

ಆವಾಸ್ ನಗರ ಯೋಜನೆಯ ಮೊದಲ ಸುತ್ತಿನಲ್ಲಿ, ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರ ವಿಭಾಗದಲ್ಲಿ, ಇರುವ ಮನೆ ಹಿಗ್ಗಿಸಲು ಅವಕಾಶ ಇತ್ತು. ಆದರೆ ಕನಿಷ್ಠ 9 ಚದರ ಮೀಟರ್ ಹೊಸದಾಗಿ ಸೇರಿಸಬೇಕು. ಅಂದರೆ ಒಂದು ಕೋಣೆ ಹೆಚ್ಚು ಕಟ್ಟಿದರೆ ದುಡ್ಡು, ಇದ್ದ ಕೋಣೆ ಸೋರಿದರೆ ಇಲ್ಲ.

ಎರಡನೇ ಸುತ್ತಿನಲ್ಲಿ ಕೇಂದ್ರ ಒಂದು ಮನೆಗೆ 1.5 ಲಕ್ಷ ಕೊಡುತ್ತದೆ. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದವರು ಬಡವರ ವರ್ಗ. ಆದರೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಯಾವ ಸರ್ಕಾರಿ ವಸತಿ ಸವಲತ್ತೂ ಪಡೆದಿರಬಾರದು. ನಿಮ್ಮ ಹಿಂದಿನ ಸಾಲಿನವರು 20 ವರ್ಷದ ನಿಯಮ ದಾಟಿರಬಹುದು. ಪಕ್ಕಾ ಮನೆ ಅನ್ನೋ ಕಡೆ ಸಿಕ್ಕಿಬೀಳುತ್ತಾರೆ. ಕಾಗದದಲ್ಲಿ ಅದು ಪಕ್ಕಾ ಮನೆ. ಒಳಗೆ ಮಲಗಿದವನಿಗೆ ಗೊತ್ತು ಎಷ್ಟು ಪಕ್ಕಾ ಅಂತ.


ಯಾದಗಿರಿ ಪ್ಯಾಸೆಂಜರ್

ಹಾಗಾದರೆ ಮನೆ ಪೂರಾ ಬೀಳಲಿ ಅಂತ ಕಾಯಬೇಕು ಅನ್ನಿ. ಬಿದ್ದ ಮೇಲೆ ಫೋಟೋ ಹೊಡೆದು ಅರ್ಜಿ ಹಾಕಿದರಾಯಿತು 😀


ಖಾತೆಪುಸ್ತಕ, ಕಲಬುರಗಿ

ನಗಬೇಡಪ್ಪ, ಹೆಚ್ಚು ಕಡಿಮೆ ಹಾಗೇ ಇದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಬಂದಾಗ ನೋಡಿದೆವಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಭಾಗಶಃ ಬಿದ್ದದ್ದಕ್ಕೆ ರಿಪೇರಿಗೆ 3 ಲಕ್ಷ, ಸಣ್ಣ ಹಾನಿಗೆ 50 ಸಾವಿರ. ಎ, ಬಿ, ಸಿ ಅಂತ ವರ್ಗ ಮಾಡಿದ್ದರು. ರಿಪೇರಿಗೆ ದುಡ್ಡು ಕೊಡುವ ದಾರಿ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಹೊಳೆ ಬಂದು ಕೆಡವಿದರೆ ಕೊಡುತ್ತಾರೆ. ಮೂವತ್ತು ವರ್ಷದ ಬಿಸಿಲು, ಮಳೆ ನಿಧಾನಕ್ಕೆ ಕೆಡವಿದರೆ ಕೊಡುವುದಿಲ್ಲ.


ಬಿದ್ರಿ ಹೂಜಿ, ಬೀದರ್

ಇನ್ನೊಂದು ನೆನಪು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ಕಡೆ ಹಿರಿಯರಿಗೆಲ್ಲ ಗೊತ್ತು. ಆಗ ಮಹಾರಾಷ್ಟ್ರದವರು ವಿಶ್ವಬ್ಯಾಂಕ್ ಸಾಲ ತಂದು ಪೂರ್ತಿ ಬಿದ್ದ ಊರುಗಳನ್ನು ಬೇರೆ ಕಡೆ ಕಟ್ಟಿದರು. ಬಿರುಕು ಬಿಟ್ಟ ಮನೆಗಳಿಗೆ ಇದ್ದ ಜಾಗದಲ್ಲೇ ಗಟ್ಟಿ ಮಾಡಿಕೊಳ್ಳಲು ನೆರವು ಕೊಟ್ಟರು. ಗಡಿಯ ಆಚೆಯೇ ನಡೆದದ್ದು ಇದು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರಲ್ಲಿ ನೆಲ ನಡುಗಿದಾಗ ಜನ ಹೊರಗೆ ಮಲಗಿದರು. ಅಲ್ಲಿನ ಹಳೇ ಕಲ್ಲಿನ ಗೋಡೆಗಳನ್ನು ಗಟ್ಟಿ ಮಾಡಿಸಿದರೆ ಅದಕ್ಕಿಂತ ದೊಡ್ಡ ವಸತಿ ಯೋಜನೆ ಬೇಕಾ?


ಎರಿಭೂಮಿ ಇಂಜಿನಿಯರ್

ಸೋರೋಮಾಳಿಗೆ ಅಕ್ಕ, ದುಡ್ಡಿನ ಮಾತು ಅವರು ನೋಡಿಕೊಳ್ಳಲಿ. ನಾನು ಮನೆ ಬಗ್ಗೆ ಹೇಳುತ್ತೇನೆ, ಯಾಕಂದರೆ ದುಡ್ಡು ಬಂದರೂ ತಪ್ಪು ಕೆಲಸಕ್ಕೆ ಹಾಕುವುದನ್ನು ಭಾಳ ನೋಡಿದ್ದೇನೆ.

ನಿಮ್ಮ ಸ್ಲ್ಯಾಬಿನದು ಕಬ್ಬಿಣ ತುಕ್ಕು ಹಿಡಿದ ರೋಗ. ಆಗಿನ ಕಾಲದಲ್ಲಿ ಕಬ್ಬಿಣದ ಸಳಿಯ ಕೆಳಗೆ ಸಿಮೆಂಟ್ ಪದರ ತೆಳುವಾಗಿ ಬಿಡುತ್ತಿದ್ದರು. ಮೇಲಿಂದ ನೀರು ಇಳಿದು ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕು ಹಿಡಿದ ಸಳಿ ಊದುತ್ತದೆ, ಊದಿದಾಗ ಕೆಳಗಿನ ಸಿಮೆಂಟನ್ನು ದೂಡುತ್ತದೆ. ಜನ ಏನು ಮಾಡುತ್ತಾರೆ? ಕೆಳಗಿಂದ ಪ್ಲಾಸ್ಟರ್ ಬಳಿದು ಬಣ್ಣ ಹೊಡೆಸುತ್ತಾರೆ. ಎರಡು ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ಸಡಿಲಾದದ್ದೆಲ್ಲ ಕೆತ್ತಿ ತೆಗೆಯಬೇಕು, ಸಳಿಯ ಹಿಂಭಾಗವೂ ಕಾಣುವಷ್ಟು. ತುಕ್ಕು ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಗಾರೆ ಹಾಕಬೇಕು. ಸಳಿ ಹೆಚ್ಚು ಸವೆದಿದ್ದರೆ ಇದೂ ಸಾಲದು, ಇಂಜಿನಿಯರ್ ಬಂದು ನೋಡಲೇಬೇಕು.

ಮೇಲೆ ಇಟ್ಟಿಗೆ ಚೂರು, ಸುಣ್ಣ ಸೇರಿಸಿ ದಪ್ಪ ಕೋಬಾ ಹಾಕಿಸಬೇಡಿ. ಹಳೇ ಸ್ಲ್ಯಾಬಿಗೆ ಆ ಭಾರ ಯಾಕೆ? ನೀರು ತಡೆಯುವ ತೆಳು ಲೇಪ ಸಾಕು, ಅದರ ಮೇಲೆ ಬಿಸಿಲು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ. ಒಳಗಿನ ಬಿಸಿ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಮೇ ತಿಂಗಳಲ್ಲಿ 42, 43 ನೋಡುವ ಊರಿಗೆ ಅದು ಸಣ್ಣ ಮಾತಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆ ಅಂತಲೇ ಐದು ವರ್ಷದ ನೀತಿ ತಂದಿದೆ. ನಮ್ಮಲ್ಲಿ ಬಿಸಿಲು ಅವರಿಗಿಂತ ಕಡಿಮೆಯೇನಿಲ್ಲ.

ಗೋಡೆಯ ಸೀಳು ಬೇರೆ ವಿಷಯ. ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಕಡಿಮೆ ಆಳದ ಬುನಾದಿ ಜೊತೆಗೇ ಏರಿಳಿಯುತ್ತದೆ. ಕಟ್ಟಿದ ಮನೆಗೆ ಬುನಾದಿ ಬದಲಿಸೋಕೆ ಆಗುವುದಿಲ್ಲ. ಮನೆ ಸುತ್ತ ನಾಲ್ಕು ಅಡಿ ಅಗಲಕ್ಕೆ ಮಣ್ಣು ತೆಗೆದು ಮರಂ (ಗರಸು ಮಣ್ಣು) ತುಂಬಿ, ಮೇಲೆ ಫರ್ಸಿ ಹಾಸಿ ಹೊರಗೆ ಇಳಿಜಾರು ಕೊಡಿ. ಬಚ್ಚಲ ನೀರು ಗೋಡೆ ಬುಡಕ್ಕೆ ಹೋಗದಂತೆ ನೋಡಿಕೊಳ್ಳಿ. ಶಹಾಬಾದ್ ಕಲ್ಲು ನಮ್ಮ ಮನೆ ಬಾಗಿಲಲ್ಲೇ ಸಿಗುತ್ತದೆ. ಸೀಳು ನಿಂತ ಮೇಲೆ ಮಾತ್ರ ತುಂಬಿಸಿ.


ತಾಂಡಾ ಟೀಚರ್, ಸೇಡಂ ತಾಲ್ಲೂಕು

ನೀವೆಲ್ಲ ಹಳೇ ಮನೆಯ ಮಾತು ಆಡುತ್ತಿದ್ದೀರಿ. ನಮ್ಮ ಕಡೆ ಹೊಸ ಮನೆಯದೇ ಹಳೇ ಕಥೆ.

2023ರ ಜನವರಿ 19ರಂದು ಮಳಖೇಡದಲ್ಲಿ 50 ಸಾವಿರಕ್ಕಿಂತ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಪ್ರಧಾನಿ ಬಂದಿದ್ದರು. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರದ ತಾಂಡಾಗಳಿಗೆ. ಅದು ದೊಡ್ಡ ಕೆಲಸ, ನಾನು ಇಲ್ಲ ಅನ್ನಲ್ಲ. ನಮ್ಮಜ್ಜ ಕೂತ ಜಾಗ ನಮ್ಮದು ಅಂತ ಕಾಗದ ಬಂದದ್ದು ಆವಾಗಲೇ. ಆದರೆ ಕಾಗದದ ಮೇಲೆ ಮನೆ ಏಳಬೇಕಲ್ಲ. ಹಳ್ಳಿಯಲ್ಲಿ ಅಂಬೇಡ್ಕರ್ ನಿವಾಸಕ್ಕೆ 1.75 ಲಕ್ಷ. ಕೇಂದ್ರದ ಗ್ರಾಮೀಣ ಆವಾಸ್‌ಗೆ 1.2 ಲಕ್ಷ. ಈ 1.2 ಲಕ್ಷ 2016ರಲ್ಲಿ ಗೊತ್ತು ಮಾಡಿದ್ದು, ಇನ್ನೂ ಅಷ್ಟೇ. ಆಗಿನ ಸಿಮೆಂಟ್ ಚೀಲದ ರೇಟು, ಈಗಿನ ರೇಟು ನೀವೇ ಹೇಳಿ. ಎರಿ ಭೂಮಿಯಲ್ಲಿ ಬುನಾದಿಗೇ ಅರ್ಧ ಹೋಗುತ್ತದೆ.

ದುಡ್ಡು ಕಂತಿನಲ್ಲಿ ಬರುತ್ತದೆ: ಬುನಾದಿ, ಗೋಡೆ, ಛಾವಣಿ, ಕೊನೆಗೆ ಮುಗಿದ ಮನೆ. ಪ್ರತಿ ಹಂತದಲ್ಲಿ ಮೊಬೈಲಿನಲ್ಲಿ ಜಿಪಿಎಸ್ ಫೋಟೋ ಏರಿಸಬೇಕು. ಮಧ್ಯವರ್ತಿಯ ಕಾಟ ತಪ್ಪಿದೆ, ಅದು ಒಳ್ಳೇದು. ಆದರೆ ಮೊದಲ ಹಂತ ಕೈಯಿಂದ ಹಾಕಿ ಕಟ್ಟಿದರೆ ತಾನೇ ಫೋಟೋ? ಅದಕ್ಕೆ ಸಾಲ. ಕಂತು ತಡವಾದರೆ ಬಡ್ಡಿ. ಅಷ್ಟರಲ್ಲಿ ದೀಪಾವಳಿ ಮುಗಿಯುತ್ತದೆ, ಮನೆ ಮಂದಿಯೆಲ್ಲ ಕಬ್ಬು ಕಡಿಯಲು, ಇಲ್ಲಾ ಮುಂಬೈ-ಪುಣೆಗೆ ಗುಳೆ ಹೋಗುತ್ತಾರೆ. ಬಂದು ನೋಡಿದರೆ ಗೋಡೆ ಎದೆಮಟ್ಟಕ್ಕೆ ನಿಂತಿರುತ್ತದೆ. ಅಂಥ ಗೋಡೆ ನಮ್ಮ ತಾಂಡಾದಲ್ಲಿ ಸಾಲಾಗಿವೆ, ಮೇಲೆ ತಗಡಿನ ಪತ್ರಾ ಹಾಕಿಕೊಂಡು ಇರುತ್ತಾರೆ.

ಅದಕ್ಕೇ ನನ್ನ ಮಾತು ಸ್ವಲ್ಪ ಖಾರ. ಸರ್ಕಾರದ ಹತ್ತಿರ ಇರೋದೇ ಇಷ್ಟು ದುಡ್ಡು ಅಂದರೆ, ಅದು ಛಾವಣಿ ಇಲ್ಲದವರಿಗೆ ಮೊದಲು ಹೋಗಲಿ. ಸಂಬಳದಾರರ ಸೊಸೈಟಿ ಮನೆ ಆಮೇಲೆ.


ಸೋರೋಮಾಳಿಗೆ, ಕಲಬುರಗಿ

ಟೀಚರ್, ನಿಮ್ಮ ಮಾತಿಗೆ ಎದುರು ಹೇಳಲಾರೆ. ನಮ್ಮಲ್ಲೂ ಈಗ ಸಂಬಳದವರು ಕಡಿಮೆ, ಪಿಂಚಣಿ ವಿಧವೆಯರು ಜಾಸ್ತಿ. ಆದರೂ ಸಾಲಿನಲ್ಲಿ ನಿಮ್ಮವರ ಮುಂದೆ ನಿಲ್ಲುವುದಿಲ್ಲ. ಆಶ್ರಯದ ಸಾಲಿನವರು ಮಾತ್ರ ಎಲ್ಲಿ ನಿಲ್ಲಬೇಕು? ಅವರು ಬಡವರೂ ಹೌದು, ಮನೆ ಇದ್ದವರೂ ಹೌದು.


ಬಿದ್ರಿ ಹೂಜಿ, ಬೀದರ್

ನನ್ನ ಅಣ್ಣ ಸಿಂಗಾಪುರದಲ್ಲಿದ್ದಾನೆ. ಅಲ್ಲಿ ಹತ್ತರಲ್ಲಿ ಎಂಟು ಜನ ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟ್‌ನಲ್ಲೇ ಇರೋದು. 2007ರಲ್ಲಿ ಮನೆ ಸುಧಾರಣೆಗೆ ಅಂತಲೇ ಒಂದು ಕಾರ್ಯಕ್ರಮ ತಂದರು. ಉದುರಿದ ಕಾಂಕ್ರೀಟ್, ಕೊಳೆತ ಪೈಪ್, ಹಳೇ ಕರೆಂಟ್ ಲೈನ್: ಇವು ಅಗತ್ಯದ ಕೆಲಸ. ನಾಗರಿಕರಿಗೆ ಪೂರ್ತಿ ಖರ್ಚು ಸರ್ಕಾರದ್ದು. ಬಚ್ಚಲುಮನೆ ಹೊಸದು ಮಾಡಿಸೋದು, ಬಾಗಿಲು ಬದಲಿಸೋದು ಇಷ್ಟ ಇದ್ದರೆ ಮಾತ್ರ. ಅದಕ್ಕೆ ಮನೆಯ ಅಳತೆ ನೋಡಿ ಶೇ 5ರಿಂದ 12.5ರವರೆಗೆ ಮನೆಯವರು ಹಾಕಬೇಕು. ಇನ್ನೊಂದು ಮಜಾ ಅಂದರೆ, ಬ್ಲಾಕಿನ ಅರ್ಹ ಮನೆಗಳಲ್ಲಿ ಶೇ 75 ಮಂದಿ ಮತ ಹಾಕಿ ಒಪ್ಪಿದರೆ ಮಾತ್ರ ಕೆಲಸ ಶುರು.


ಯಾದಗಿರಿ ಪ್ಯಾಸೆಂಜರ್

ನಮ್ಮ ಓಣಿಯಲ್ಲಿ ಶೇ 75 ಮಂದಿ ಗಣಪತಿ ಪಟ್ಟಿಗೇ ಒಪ್ಪುವುದಿಲ್ಲ. ಸಿಂಗಾಪುರ ಬಿಡಿ ಸರ್, ಸ್ವಲ್ಪ ಹತ್ತಿರದ್ದು ಹೇಳಿ.


ಸೊಲ್ಲಾಪುರದ ಸೊಸೆ

ಹತ್ತಿರದ್ದು ನಾನು ಹೇಳುತ್ತೇನೆ. ತವರು ಆಳಂದ, ಕೊಟ್ಟ ಮನೆ ಸೊಲ್ಲಾಪುರ.

ಇಲ್ಲಿ ಬೀಡಿ ಕಟ್ಟುವ ಹೆಂಗಸರು ಭಾಳ. ಅವರೇ ಸೇರಿ ಸಹಕಾರಿ ಗೃಹ ನಿರ್ಮಾಣ ಸಂಸ್ಥೆ ಮಾಡಿಕೊಂಡರು. ಹಿಂದೆ ನಿಂತು ಹೋರಾಡಿದವರು ಮಾಜಿ ಶಾಸಕ ನರಸಯ್ಯ ಆಡಂ. ಮೊದಲು ಗೋದುತಾಯಿ ಪರುಳೇಕರ್ ಹೆಸರಿನಲ್ಲಿ ಹತ್ತು ಸಾವಿರ ಮನೆ ಆದವು, 2006ರಲ್ಲಿ ಮನಮೋಹನ್ ಸಿಂಗ್ ಬಂದು ಹಸ್ತಾಂತರ ಮಾಡಿದರು. ಆಮೇಲೆ ಕುಂಭಾರಿ ಹತ್ತಿರ ರೇ ನಗರ, 30 ಸಾವಿರ ಮನೆಯ ಯೋಜನೆ. ಅದು ಆವಾಸ್ ಯೋಜನೆಯ ಅಡಿಯಲ್ಲಿ. 2019ರಲ್ಲಿ ಮೋದಿ ಅಡಿಗಲ್ಲು ಹಾಕಿದರು, 2024ರ ಜನವರಿ 19ಕ್ಕೆ ಬಂದು 15 ಸಾವಿರ ಮನೆ ಕೊಟ್ಟರು. ಬೀಡಿಯವರು, ಮಗ್ಗದವರು, ಚಿಂದಿ ಆಯುವವರು, ಡ್ರೈವರುಗಳು ಇದ್ದಾರೆ. ಕೆಂಬಾವುಟದ ಕಮ್ಯುನಿಸ್ಟರು ಕಟ್ಟಿದ ಸೊಸೈಟಿಗೆ ಎರಡು ಪಕ್ಷದ ಪ್ರಧಾನಿಗಳು ಕೀಲಿ ಕೊಟ್ಟದ್ದು ನನಗೆ ಈಗಲೂ ಸೋಜಿಗ.

ಕೇಂದ್ರದ್ದು ಒಂದೂವರೆ ಲಕ್ಷ, ರಾಜ್ಯದ್ದು ಒಂದು ಲಕ್ಷ, ಉಳಿದದ್ದು ಸದಸ್ಯರ ಪಾಲು. ಒಬ್ಬೊಬ್ಬರೇ ಹೋಗಿ ಅರ್ಜಿ ಕೊಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೂವತ್ತು ಸಾವಿರ ಕುಟುಂಬಗಳು ಒಂದೇ ರಿಜಿಸ್ಟರಿನಲ್ಲಿ ಇದ್ದರೆ ಯಾವ ಅಧಿಕಾರಿ ಬಾಗಿಲು ಹಾಕುತ್ತಾನೆ?


ತಾಂಡಾ ಟೀಚರ್, ಸೇಡಂ ತಾಲ್ಲೂಕು

ತಾರೀಖು ನೋಡಿ, ಮಳಖೇಡಕ್ಕೂ ಸೊಲ್ಲಾಪುರಕ್ಕೂ ಜನವರಿ 19. ಅದಿರಲಿ. ಅಕ್ಕ, ಅಲ್ಲಿ ಜಾಗ ಯಾರದು? ನಗರದಿಂದ ದೂರ ಆಯಿತು ಅಂತ ಜನ ಬೇಜಾರು ಮಾಡಿಕೊಂಡಿಲ್ಲವಾ?


ಸೊಲ್ಲಾಪುರದ ಸೊಸೆ

ಜಾಗ ಸದಸ್ಯರ ದುಡ್ಡಲ್ಲೇ ಕೊಂಡದ್ದು ಅಂತ ನಮ್ಮತ್ತೆ ಹೇಳುತ್ತಾರೆ. ದೂರದ ತಕರಾರು ಇದೆ, ಸುಳ್ಳಾಡಲ್ಲ. ಬೀಡಿ ಮನೆಯಲ್ಲೇ ಕಟ್ಟಬಹುದು. ಮನೆಗೆಲಸಕ್ಕೆ ಹೋಗುವವರಿಗೆ ಬಸ್ಸಿನ ಖರ್ಚು ಹೊರೆ. ಇನ್ನು ಇಪ್ಪತ್ತು ವರ್ಷಕ್ಕೆ ಇವೇ ಮನೆ ಹಳತಾದಾಗ ರಿಪೇರಿ ಯಾರು ಮಾಡುತ್ತಾರೆ ಅನ್ನೋ ಪ್ರಶ್ನೆ ಇಲ್ಲೂ ಇದೆ. ಆದರೆ ಇಲ್ಲಿ ಕಟ್ಟಡ ಕಟ್ಟಿಕೊಂಡ ಸೊಸೈಟಿಗಳಿಗೆ ಮಾದರಿ ಉಪವಿಧಿಯಲ್ಲೇ ಒಂದು ವ್ಯವಸ್ಥೆ ಇದೆ. ನಮ್ಮ ಮಾವ ಸೊಸೈಟಿ ಖಜಾಂಚಿ, ಅದಕ್ಕೆ ಗೊತ್ತು. ಮನೆಯ ಕಟ್ಟಡ ಖರ್ಚಿನ ಶೇ 0.75 ವರ್ಷಕ್ಕೆ ರಿಪೇರಿ ನಿಧಿಗೆ, ಕನಿಷ್ಠ ಶೇ 0.25 ಮುಂದಿನ ದೊಡ್ಡ ಕೆಲಸದ ನಿಧಿಗೆ. ಪ್ರತಿ ಮನೆಯವರೂ ಕಟ್ಟಲೇಬೇಕು.


ಖಾತೆಪುಸ್ತಕ, ಕಲಬುರಗಿ

ತಂಗಿ ಸರಿಯಾದ ಜಾಗಕ್ಕೆ ಕೈ ಇಟ್ಟಳು. ಅಲ್ಲಿನ ಸೊಸೈಟಿ ಅಂದರೆ ಕಟ್ಟಡ ನೋಡಿಕೊಳ್ಳುವ ಸೊಸೈಟಿ. ನಮ್ಮ ರಾಜ್ಯದಲ್ಲಿ ಗೃಹ ನಿರ್ಮಾಣ ಸಂಘ ಅಂದರೆ ಬಹುತೇಕ ನಿವೇಶನ ಹಂಚುವ ಸಂಘ. ಜಮೀನು ತಗೊಂಡರು, ಲೇಔಟ್ ಮಾಡಿದರು, ಲಾಟರಿ ಎತ್ತಿದರು, ಕೈ ತೊಳೆದುಕೊಂಡರು. ಬೆಂಗಳೂರಿನಲ್ಲಿ ಮಧ್ಯವರ್ತಿಗಳನ್ನು ಹಿಡಿದು ಜಮೀನು ಮಾಡಿಸಿಕೊಂಡ ಸಂಘಗಳ ಭೂಸ್ವಾಧೀನವನ್ನು 1995ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿತು. ಆವತ್ತಿನಿಂದ "ಸೊಸೈಟಿ" ಅಂದರೆ ಜನಕ್ಕೂ ಅನುಮಾನ, ಸರ್ಕಾರಕ್ಕೂ ಅನುಮಾನ. ನಿಮ್ಮ ಹಾಗೆ ಮನೆ ಕಟ್ಟಿಸಿ ಕೊಟ್ಟದ್ದು ಕಡಿಮೆ. ಕೊಟ್ಟವರೂ ಮುಂದಿನ ರಿಪೇರಿಗೆ ಒಂದು ಪೈಸೆ ತೆಗೆದಿಡಲಿಲ್ಲ. 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ಲಾಭದ ಕನಿಷ್ಠ ಶೇ 25 ಮೀಸಲು ನಿಧಿಗೆ ಹೋಗಬೇಕು ಅಂತಿದೆ. ಮನೆ ಹಂಚಿದ ಮೇಲೆ ಸಂಘಕ್ಕೆ ಲಾಭ ಎಲ್ಲಿ? ಆ ನಿಧಿಯನ್ನೂ ಮನಸ್ಸಿಗೆ ಬಂದಂತೆ ತೆಗೆಯೋಕಾಗಲ್ಲ.

ಲೆಕ್ಕ ಹಾಕಿ ನೋಡು. ಮನೆ ಕಟ್ಟಿದ ಖರ್ಚು 4 ಲಕ್ಷ ಅಂತ ಹಿಡಿದರೂ ಶೇ 0.75 ಅಂದರೆ 3,000, ಶೇ 0.25 ಅಂದರೆ 1,000. ವರ್ಷಕ್ಕೆ 4,000. ತಿಂಗಳಿಗೆ 350 ರೂಪಾಯಿಯೂ ಆಗಲ್ಲ. ನೂರು ಮನೆಗೆ ವರ್ಷಕ್ಕೆ 4 ಲಕ್ಷ. ಇಪ್ಪತ್ತು ವರ್ಷದ ಹಿಂದೆ ಶುರು ಮಾಡಿದ್ದರೆ ಇವತ್ತು ಸರ್ಕಾರದ ಬಾಗಿಲಿಗೆ ಹೋಗುವುದೇ ಬೇಡವಾಗಿತ್ತು.


ಮೂರನೇ ಮಹಡಿ

ನಾನು ಕಲಬುರಗಿಯ ಒಂದು ಸರ್ಕಾರಿ ವಸತಿ ಬ್ಲಾಕಿನಲ್ಲಿದ್ದೇನೆ. ಯಾವ ಯೋಜನೆ, ಎಲ್ಲಿ ಅಂತ ಬರೆಯಲ್ಲ, ನಾಳೆ ನಮಗೇ ತೊಂದರೆ. ಮೆಟ್ಟಿಲ ಲೈಟ್ ಉರಿಯಲ್ಲ. ಮೇಲಿನ ಟ್ಯಾಂಕಿನ ಮುಚ್ಚಳ ಹಾರಿಹೋಗಿ ಕೋತಿಗಳು ಇಳಿಯುತ್ತವೆ. ಪೈಪ್ ಒಡೆದರೆ ಕೆಳಗಿನ ಮನೆಯವರು "ಮೇಲಿನವರದು" ಅಂತಾರೆ, ಮೇಲಿನವರು "ಸರ್ಕಾರದ್ದು" ಅಂತಾರೆ. ಸರ್ಕಾರದವರು "ಕೊಟ್ಟಾಯಿತಲ್ಲ, ನಿಮ್ಮದು" ಅಂತಾರೆ. ನೆಲದ ಮೇಲಿನ ಗುಡಿಸಲು ಸೋರಿದರೆ ನಾನೇ ಪತ್ರಾ ಬದಲಿಸುತ್ತಿದ್ದೆ. ಇಲ್ಲಿ ಒಬ್ಬನೇ ಏನು ಬದಲಿಸಲಿ?

ರಾಜ್ಯ ಸರ್ಕಾರ ಕೊಳೆಗೇರಿ ಮಂಡಳಿ ಮನೆಗಳಿಗೆ ಫಲಾನುಭವಿ ಪಾಲಿನ 4 ಲಕ್ಷ ತಾನೇ ಹಾಕುತ್ತೇನೆ, ನೀವು 1 ಲಕ್ಷ ಕೊಡಿ ಅಂತ ಹೇಳಿದ್ದು ಒಳ್ಳೇದೇ. ಬ್ಯಾಂಕಿನವರು ನಮಗೆ ಸಾಲ ಕೊಡದೇ ಎಷ್ಟೋ ಮನೆ ನಿಂತಿದ್ದವು. ಆದರೆ ಅಷ್ಟು ಲಕ್ಷ ಹಾಕುವವರು ಜೊತೆಗೆ ಹತ್ತು ಸಾವಿರ ಆ ಬ್ಲಾಕಿನ ಹೆಸರಲ್ಲಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಮೆಟ್ಟಿಲು, ಟ್ಯಾಂಕು ನೋಡಿಕೊಳ್ಳಿ, ಅದಕ್ಕೊಂದು ಸಂಘ ಮಾಡಿಕೊಳ್ಳಿ ಅಂದಿದ್ದರೆ?


ಎರಿಭೂಮಿ ಇಂಜಿನಿಯರ್

ಮೂರನೇ ಮಹಡಿ ಅಣ್ಣನ ಮಾತು ಈ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಟೆಂಡರಿನಲ್ಲಿ ಕಂಟ್ರಾಕ್ಟರಿಗೆ ದೋಷ ಸರಿಪಡಿಸುವ ಅವಧಿ ಅಂತ ಇರುತ್ತದೆ. ಅದು ಮುಗಿದ ಮಾರನೇ ದಿನದಿಂದ ಕಟ್ಟಡಕ್ಕೆ ದಿಕ್ಕಿಲ್ಲ. ಲಿಫ್ಟ್ ಇದ್ದರಂತೂ ಮುಗಿಯಿತು. ಮಹಡಿ ಮನೆ ಕೊಡುವುದಾದರೆ ಸಂಘ, ನಿಧಿ ಎರಡೂ ಕೊಡಬೇಕು. ಇಲ್ಲವಾದರೆ ನೆಲದ ಮೇಲಿನ ಮನೆ ಕೊಡಿ.


ಯಾದಗಿರಿ ಪ್ಯಾಸೆಂಜರ್

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನದ 371ಜೆ ಬಂತು, ಅಭಿವೃದ್ಧಿ ಮಂಡಳಿ ಬಂತು, ವರ್ಷಕ್ಕೆ 5,000 ಕೋಟಿ ಅಂತ ಘೋಷಣೆಯೂ ಆಯಿತು. ಅದರಲ್ಲಿ ಹಳೇ ಮನೆಗೆ ಒಂದು ಪಾಲು ಕೇಳಬಾರದಾ?


ಖಾತೆಪುಸ್ತಕ, ಕಲಬುರಗಿ

ಕೇಳಬಹುದು. ಕೇಳಲೇಬೇಕು. ಆದರೆ ಆ ದುಡ್ಡು ರಸ್ತೆ, ಶಾಲೆ ಕೋಣೆ, ಆಸ್ಪತ್ರೆ ಅಂತ ಹೋಗುತ್ತದೆ. ಒಬ್ಬರ ಸ್ವಂತ ಮನೆಯ ಒಳಗೆ ಖರ್ಚು ಮಾಡೋಕೆ ಆಡಿಟ್ ಒಪ್ಪುವುದಿಲ್ಲ, ನಾನೇ ಆಕ್ಷೇಪ ಬರೆಯುತ್ತಿದ್ದೆ. ಓಣಿಯ ಚರಂಡಿ, ದೀಪ, ನೀರಿನ ಪೈಪ್ ಅಂತ ಕೇಳಿದರೆ ದಾರಿ ಇದೆ. ಅಲ್ಲೂ ಒಂದು ಮುಳ್ಳು. ಸೋರೋಮಾಳಿಗೆ ತಂಗಿ, ನಿಮ್ಮ ಕಾಲೊನಿಯ ರಸ್ತೆ, ಉದ್ಯಾನದ ಜಾಗ ಪಾಲಿಕೆಗೆ ಹಸ್ತಾಂತರ ಆಗಿದೆಯಾ?


ಸೋರೋಮಾಳಿಗೆ, ಕಲಬುರಗಿ

ಅದೇ ಗೊತ್ತಿಲ್ಲ ಕಾಕಾ. ಹಳೇ ಅಧ್ಯಕ್ಷರು ಆಗಿದೆ ಅನ್ನುತ್ತಿದ್ದರು. ಕಾಗದ ಸಿಕ್ಕಿಲ್ಲ.


ಖಾತೆಪುಸ್ತಕ, ಕಲಬುರಗಿ

ಹಾಗಾದರೆ ಆಗಿಲ್ಲ ಅಂತಲೇ ಇಟ್ಟುಕೋ. ಹಸ್ತಾಂತರ ಆಗದ ರಸ್ತೆ ಪಾಲಿಕೆಯ ಲೆಕ್ಕದಲ್ಲಿ ಖಾಸಗಿ ರಸ್ತೆ. ಶಾಸಕರು ಮನಸ್ಸು ಮಾಡಿದರೂ ಇಂಜಿನಿಯರ್ ಅಂದಾಜು ಪಟ್ಟಿ ಮಾಡಲ್ಲ. ಲೇಔಟ್ ನಕ್ಷೆ ಮಂಜೂರಾದ ಪ್ರತಿಯನ್ನು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಹಿತಿ ಹಕ್ಕಿನಲ್ಲಿ ತೆಗೆಸು. ಅದರ ಜೊತೆ ಸಂಘದ ಠರಾವು ಇಟ್ಟು ಪಾಲಿಕೆಗೆ ಪತ್ರ ಕೊಡಿ. ಸುಧಾರಣಾ ಶುಲ್ಕ ಬಾಕಿ ಇದೆ ಅನ್ನಬಹುದು, ಎಷ್ಟು ಅಂತ ಬರಹದಲ್ಲಿ ಕೇಳಿ. ಇದೊಂದು ಆದರೆ ಚರಂಡಿಯ ಖರ್ಚು ನಿಮ್ಮ ತಲೆಯಿಂದ ಇಳಿಯುತ್ತದೆ. ಇದ್ದ ದುಡ್ಡು ಸ್ಲ್ಯಾಬಿಗೆ ಉಳಿಯುತ್ತದೆ.


ಬಿದ್ರಿ ಹೂಜಿ, ಬೀದರ್

ಪಂಪಿನ ಬಿಲ್ಲಿಗೆ ನಾನು ಹೇಳುತ್ತೇನೆ. 2024ರ ಫೆಬ್ರುವರಿಯ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳಿಗೂ ಸಬ್ಸಿಡಿ ಇದೆ. ನೀರೆತ್ತುವ ಪಂಪ್, ಬೀದಿ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ. ಹತ್ತು ಕಿಲೋವ್ಯಾಟ್ ಹಾಕಿಸಿದರೆ 1.8 ಲಕ್ಷ ವಾಪಸ್. ಸಂಘಕ್ಕೆ ನೇರವಾಗಿ ಸಿಗುವ ಕೇಂದ್ರದ ದುಡ್ಡು ಅಂದರೆ ನನಗೆ ಕಂಡದ್ದು ಇದೊಂದೇ. ಮನೆ ಮನೆಗೂ ಇದೆ, ಮೂರು ಕಿಲೋವ್ಯಾಟಿಗೆ 78,000. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುವಾಗ ನಮ್ಮ ಜನ ಯಾಕೆ ಸೋಲಾರ್ ಹಾಕಿಸುತ್ತಾರೆ? ಸಂಘದ ಪಂಪಿನ ಮೀಟರಿಗೆ ಆ ಸೊನ್ನೆ ಬರಲ್ಲವಲ್ಲ, ಅದಕ್ಕೇ ಅಲ್ಲಿ ಲೆಕ್ಕ ಕೂಡಿಬರುತ್ತದೆ. ಕರೆಂಟ್ ಕಂಪನಿ ಜೆಸ್ಕಾಂನಲ್ಲಿ ಮೊದಲು ಮೀಟರ್ ಸಂಘದ ಹೆಸರಲ್ಲಿದೆಯಾ ನೋಡಿಕೊಳ್ಳಿ. ಎಷ್ಟೋ ಕಡೆ ತೀರಿಕೊಂಡ ಅಧ್ಯಕ್ಷರ ಹೆಸರಲ್ಲೇ ಇರುತ್ತದೆ.


ಎರಿಭೂಮಿ ಇಂಜಿನಿಯರ್

ಸ್ಲ್ಯಾಬ್ ಗಟ್ಟಿ ಇಲ್ಲದ ಮನೆ ಮೇಲೆ ಫಲಕ ಕೂರಿಸಬೇಡಿ ದಯವಿಟ್ಟು. ಪಂಪ್ ಹೌಸ್ ಪಕ್ಕ ಕಬ್ಬಿಣದ ಚೌಕಟ್ಟು ಹಾಕಿ ಅದರ ಮೇಲೆ ಮಾಡಿ.


ಸೋರೋಮಾಳಿಗೆ, ಕಲಬುರಗಿ

ಮೀಟರ್ ಹೆಸರು ನಾಳೆಯೇ ನೋಡುತ್ತೇನೆ. ಹೂಜಿ ಅಣ್ಣ ಸರಿಯಾಗಿ ಊಹಿಸಿದ್ದಾರೆ ಅನಿಸುತ್ತಿದೆ 🙏

ಸ್ಲ್ಯಾಬಿಗೆ ಸಾಲ ಬಿಟ್ಟು ಬೇರೆ ದಾರಿ ಇಲ್ಲ ಅಂದ ಹಾಗಾಯಿತು. ಸಂಘದಿಂದಲೇ ಸಹಕಾರ ಬ್ಯಾಂಕಿನಲ್ಲಿ ಮಾತಾಡಬಹುದಾ?


ಖಾತೆಪುಸ್ತಕ, ಕಲಬುರಗಿ

ಮಾತಾಡು. 2022ರ ಜೂನಿನಲ್ಲಿ ರಿಸರ್ವ್ ಬ್ಯಾಂಕ್ ಸಹಕಾರ ಬ್ಯಾಂಕುಗಳ ಗೃಹ ಸಾಲದ ಮಿತಿ ಏರಿಸಿತು. ಸಣ್ಣ ಪಟ್ಟಣ ಸಹಕಾರ ಬ್ಯಾಂಕಿಗೆ 30 ಲಕ್ಷ ಇದ್ದದ್ದು 60 ಆಯಿತು, ಸಣ್ಣ ಡಿಸಿಸಿ ಬ್ಯಾಂಕಿಗೆ 20 ಇದ್ದದ್ದು 50. ನಿಮಗೆ ಬೇಕಾದದ್ದು ಮನೆಗೆ ಎರಡು ಮೂರು ಲಕ್ಷ. ಮಿತಿ ಅಡ್ಡ ಬರಲ್ಲ. ಅಡ್ಡ ಬರುವುದು ಕಾಗದ. ತಂದೆ ಹೆಸರಲ್ಲೇ ಉಳಿದ ಖಾತೆ, ಇ-ಖಾತೆ ಆಗದ ಮನೆ. ನೂರು ಮನೆಯ ಖಾತೆ ಒಟ್ಟಿಗೆ ಸರಿಮಾಡಿಸಿ, ಒಟ್ಟಿಗೆ ಬ್ಯಾಂಕಿಗೆ ಹೋಗಿ. ಕೆಲಸವನ್ನೂ ಒಬ್ಬನೇ ಕಂಟ್ರಾಕ್ಟರಿಗೆ ಕೊಡಿ, ರೇಟು ಇಳಿಯುತ್ತದೆ.


ತಾಂಡಾ ಟೀಚರ್, ಸೇಡಂ ತಾಲ್ಲೂಕು

ಆಶ್ರಯ ಸಾಲಿನವರಿಗೆ ಯಾವ ಬ್ಯಾಂಕು ಬರುತ್ತದೆ ಸರ್? ನನ್ನ ಖಾರ ಮಾತು ನಾನು ವಾಪಸ್ ತಗೊಳ್ಳಲ್ಲ, ಆದರೆ ಸೊಸೈಟಿ ಅಕ್ಕನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅವರನ್ನು ಪಕ್ಕಾ ಮನೆಯವರು ಅಂತ ತಳ್ಳಿದರೆ ಮುಂದೆ ನಮ್ಮ ತಾಂಡಾದವರ ಗತಿಯೂ ಅದೇ. ಇವತ್ತಿನ 1.75 ಲಕ್ಷದ ಮನೆ ಇನ್ನು ಹದಿನೈದು ವರ್ಷಕ್ಕೆ ಸೋರುತ್ತದೆ.


ಖಾತೆಪುಸ್ತಕ, ಕಲಬುರಗಿ

ಉತ್ತರ ಇಲ್ಲ ಟೀಚರ್, ಇದ್ದಿದ್ದರೆ ಕೊಡುತ್ತಿದ್ದೆ. ಹಳೇ ಆಶ್ರಯ ಮನೆಗೆ 50 ಸಾವಿರವೋ ಲಕ್ಷವೋ ರಿಪೇರಿ ನೆರವು, ಇದೇ ಜಿಪಿಎಸ್ ಫೋಟೋ ಪದ್ಧತಿಯಲ್ಲೇ, ಪ್ರವಾಹದ ಬಿ, ಸಿ ವರ್ಗದ ಹಾಗೆ. ಹೊಸ ಇಲಾಖೆ ಬೇಡ, ಹೊಸ ಆ್ಯಪ್ ಬೇಡ. ವಸತಿ ನಿಗಮದಲ್ಲಿ ಒಂದು ಲೆಕ್ಕ ಶೀರ್ಷಿಕೆ ತೆರೆದರೆ ಸಾಕು. ಇದನ್ನು ನಮ್ಮ ಮೂರೂ ಜಿಲ್ಲೆಯವರು ಬಜೆಟ್‌ಗೆ ಮೊದಲು ಬರೆದು ಕೊಡಬೇಕು. ಬಜೆಟ್ ಆದ ಮೇಲೆ ಬರೆದರೆ ಮುಂದಿನ ವರ್ಷದ ಫೈಲು.


ಸೊಲ್ಲಾಪುರದ ಸೊಸೆ

ಒಬ್ಬೊಬ್ಬರೇ ಬರೆಯಬೇಡಿ. ಆಶ್ರಯದ ಹೆಂಗಸರ ಹೆಸರು, ಹಕ್ಕುಪತ್ರದ ನಂಬರು, ಛತ್ತಿನ ಫೋಟೋ ಒಂದೇ ಪುಸ್ತಕದಲ್ಲಿ ಇರಲಿ.


ಸೋರೋಮಾಳಿಗೆ, ಕಲಬುರಗಿ

ಆ ಪುಸ್ತಕ ನಾನು ಶುರು ಮಾಡುತ್ತೇನೆ. ಹಿಂದಿನ ಸಾಲಿನಲ್ಲಿ ಓದಿದ ಹುಡುಗಿಯರಿದ್ದಾರೆ, ಫೋಟೋ ಅವರೇ ತೆಗೆಯುತ್ತಾರೆ. ನಮ್ಮ ಸಂಘದ ಮಹಾಸಭೆಯಲ್ಲಿ ತಿಂಗಳಿಗೆ 350 ರೂಪಾಯಿ ರಿಪೇರಿ ನಿಧಿ, ರಸ್ತೆ ಹಸ್ತಾಂತರ, ಪಂಪಿಗೆ ಸೋಲಾರ್ ಇಡುತ್ತೇನೆ. 350ಕ್ಕೆ ಗಲಾಟೆ ಆಗುತ್ತದೆ, ಅದು ಗೊತ್ತು.


ಖಾತೆಪುಸ್ತಕ, ಕಲಬುರಗಿ

ಸೆಪ್ಟೆಂಬರ್ 25ರೊಳಗೆ ಸಭೆ ಆಗಬೇಕು, ನೆನಪಿರಲಿ. ರಿಪೇರಿ ನಿಧಿಗೆ ಬರೀ ಠರಾವು ಸಾಲದು, ಉಪವಿಧಿ ತಿದ್ದುಪಡಿ ಬೇಕು. ಸಭೆಯ ನೋಟಿಸಿನಲ್ಲೇ ತಿದ್ದುಪಡಿಯ ಪೂರ್ತಿ ವಾಕ್ಯ ಹಾಕು. ಆಮೇಲೆ ಅದು ಇಲಾಖೆಯಲ್ಲಿ ನೋಂದಣಿ ಆಗಬೇಕು. ಅಲ್ಲಿಯವರೆಗೆ ಕಟ್ಟಿಸಿಕೊಂಡ ದುಡ್ಡನ್ನು ಯಾರಾದರೂ ವಾಪಸ್ ಕೇಳಿದರೆ ಕೊಡಬೇಕಾಗುತ್ತದೆ. ಕರಡು ಬರೆದು ಇಲ್ಲೇ ಹಾಕು, ನೋಡಿಕೊಡುತ್ತೇನೆ.


ಯಾದಗಿರಿ ಪ್ಯಾಸೆಂಜರ್

ಕರಡು ಬಂದರೆ ನಮ್ಮ ಸಂಘಕ್ಕೂ ಒಂದು ಪ್ರತಿ. ನಮ್ಮಲ್ಲಿ ಉಪವಿಧಿ ಪುಸ್ತಕವೇ ಇಲ್ಲ, ಅದನ್ನು ಎಲ್ಲಿ ತೆಗೆಸಬೇಕು ಕಾಕಾ?


ಖಾತೆಪುಸ್ತಕ, ಕಲಬುರಗಿ

ನಿಮ್ಮ ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿ ಕೇಳು. ಸಂಘದ ನೋಂದಣಿ ಸಂಖ್ಯೆ ಬರೆದುಕೊಂಡು ಹೋಗು, ಅದಿಲ್ಲದೆ ಫೈಲು ಸಿಗಲ್ಲ.